*ಇಂದಿನ ಧಮ್ಮ ಚಿಂತನೆ: ಉಂಡ ಮನೆಯ ಋಣ*



ಕಳೆದ ಗುರುವಾರ ಚಿತ್ರದುರ್ಗದ ಒಂದು ಖಾಸಗಿ ಪಿಯು ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಕನ್ನಡ ಉಪನ್ಯಾಸಕ ಹುದ್ದೆ. ಹಿಂದಿನ ದಿನ ಈಗಿನ ಶಾಲೆಗೆ ರಜೆ ಚೀಟಿ ಬರೆಯಲು ಕುಳಿತಾಗ ಕೈ ತಾನಾಗಿಯೇ 'ಜ್ವರದ ನಿಮಿತ್ತ' ಎಂದು ಬರೆಯಿತು. ಬೆಳಿಗ್ಗೆಯಷ್ಟೇ 'ಮುಸಾವಾದಾ ವೇರಮಣಿ' ಎಂದಿದ್ದು ಬಾಯಿ, ಕೈಗೆ ಅದು ಕೇಳಿಸಿರಲಿಲ್ಲ. ಹರಿದು ಹಾಕಿ 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಐಮಂಗಲದಲ್ಲಿ ಬಸ್ ಹತ್ತಿದಾಗಿನಿಂದ ದುರ್ಗದಲ್ಲಿ ಇಳಿಯುವವರೆಗೂ ಇದೇ ಯೋಚನೆ.

ಶಾಲೆ ಬಿಡುವ ಮಾತೆತ್ತಿದಾಗ ಅವ್ವ ಹೇಳಿದ್ದು ಒಂದೇ ಮಾತು. "ಉಂಡ ಮನೆಗೆ ಎರಡು ಬಗೀಬ್ಯಾಡ." ನಮ್ಮ ತಾತ ಒಬ್ಬರ ಮನೆಯಲ್ಲಿ ಜೀತಕ್ಕಿದ್ದವರು. ಮದುವೆಗೆ ತಂದ ಸಾಲ, ದುಡಿದಷ್ಟೂ ಬೆಳೆಯುವ ಸಾಲ. ಅವರು ಬಿಟ್ಟು ಹೋಗದಂತೆ ಕಟ್ಟಿಹಾಕಿದ್ದು ಸಾಲ ಮಾತ್ರವಲ್ಲ, ಈ ಮಾತೂ ಹೌದು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಮಾತನ್ನು ಯಾರೂ ರದ್ದು ಮಾಡಲಿಲ್ಲ. ಈಗ ಅದು ಸಂಬಳಕ್ಕೆ ಅಂಟಿಕೊಂಡಿದೆ. ನಾನು 14 ವರ್ಷದಿಂದ ಪಾಠ ಮಾಡುತ್ತಿರುವ ಶಾಲೆಯಲ್ಲಿ, ತಡವಾದ ಸಂಬಳ ಕೇಳಲು ಹೋದಾಗ ಆಡಳಿತದವರೊಬ್ಬರು "ನಿನಗೆ ಕೆಲಸ ಕೊಟ್ಟಿದ್ದೇ ನಾವು" ಎಂದರು. ಅದೇ ಕೋಣೆಯಲ್ಲಿದ್ದ ಇನ್ನಿಬ್ಬರು ಶಿಕ್ಷಕರಿಗೆ 'ನೀವು', ನನಗೆ 'ನೀನು'. ಅವರಿಬ್ಬರೂ ನನಗಿಂತ ಕಿರಿಯರು.

ಹಾಗಾದರೆ ನಾನು ತೀರಿಸಬೇಕಾದ ಋಣ ಯಾವುದು? ನಮ್ಮ ಬಳಗದಲ್ಲಿ ಓದಿದ ಸಿಗಾಲೋವಾದ ಸುತ್ತವನ್ನು ಮತ್ತೆ ತೆರೆದೆ. ರಾಜಗೃಹದಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಯುವಕನಿಗೆ ಭಗವಾನ್ ಬುದ್ಧರು ಮನುಷ್ಯ ಸಂಬಂಧಗಳೇ ಆರು ದಿಕ್ಕು ಎಂದು ತಿಳಿಸಿದ್ದು ನಿಮಗೆ ನೆನಪಿರಬಹುದು. ಕೆಳಗಿನ ದಿಕ್ಕು ದುಡಿಯುವವರದು. ಅಲ್ಲಿ ಮೊದಲು ಬರುವುದು ಒಡೆಯನ ಕರ್ತವ್ಯ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿಂಡಿಯಲ್ಲಿ ಪಾಲು, ಸಮಯಕ್ಕೆ ಬಿಡುವು. ಆಮೇಲೆ ದುಡಿಯುವವನದು: ಮೊದಲು ಏಳುವುದು, ಕೊನೆಗೆ ಮಲಗುವುದು, ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದು, ಕೆಲಸವನ್ನು ಚೆನ್ನಾಗಿ ಮಾಡುವುದು, ಒಡೆಯನ ಒಳ್ಳೆಯ ಹೆಸರನ್ನು ಹರಡುವುದು. ಕೂಲಿ ಇಲ್ಲಿ ಒಡೆಯನ ಕರ್ತವ್ಯ, ದಾನವಲ್ಲ. ಕೊಟ್ಟವನು ಅದನ್ನು ಋಣವೆಂದು ಲೆಕ್ಕ ಬರೆದಿಡುವಂತಿಲ್ಲ.

ಬಾಬಾಸಾಹೇಬರ ಮೇಲೂ ಇಂಥ ಭಾರವಿತ್ತು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಓದಿದ್ದಕ್ಕೆ ಅಲ್ಲಿ ಹತ್ತು ವರ್ಷ ಸೇವೆ ಮಾಡುವ ಒಪ್ಪಂದ. ಮಾತಿನಂತೆ 1917ರಲ್ಲಿ ಹೋದರು. ಊರು ಅವರಿಗೆ ಇರಲು ಒಂದು ಸೂರು ಕೊಡಲಿಲ್ಲ, ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಅವರು ಬೊಂಬಾಯಿಗೆ ಮರಳಿದರು. ಉಂಡ ಮನೆಗೆ ಎರಡು ಬಗೆದರು ಎಂದು ನಮ್ಮಲ್ಲಿ ಯಾರು ಹೇಳುತ್ತೇವೆ?

ಇಷ್ಟೆಲ್ಲ ಧೈರ್ಯ ತುಂಬಿಕೊಂಡು ಒಳಗೆ ಹೋದರೆ, ಕನ್ನಡ ಎಂಎ ಮಾಡಿದವನಿಗೆ ಮೊದಲ ಆಜ್ಞೆ: ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಿ! ಅದನ್ನು ಹೇಗೋ ದಾಟಿದೆ. ಆಮೇಲೆ ಕೇಳಿದರು, "ಈಗಿನ ಶಾಲೆ ಯಾಕೆ ಬಿಡ್ತೀರಿ?" ನಾಲಿಗೆ ತುದಿಗೆ ಆ 'ನೀನು' ಬಂದಿತ್ತು. "ಸಂಬಳ ಸಾಲುತ್ತಿಲ್ಲ, ಪಿಯು ಮಕ್ಕಳಿಗೆ ಸಾಹಿತ್ಯ ಪಾಠ ಮಾಡುವ ಆಸೆಯಿದೆ" ಎಂದೆ. ಎರಡೂ ನಿಜ. ಒಡೆಯನ ಹೆಸರು ಕೆಡಿಸಬಾರದು ಎಂಬ ಶೀಲದಿಂದ ಉಳಿದದ್ದನ್ನು ಬಿಟ್ಟೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಜಾತಿಯ ಮಾತೆತ್ತಿದರೆ 'ತಕರಾರಿನವನು' ಎಂದು ಕೈಬಿಡುತ್ತಾರೆ ಎಂಬ ಭಯವಿತ್ತು. ಜ್ವರದ ಚೀಟಿಗಿಂತ ಈ ಸುಳ್ಳು ನನ್ನನ್ನು ಹೆಚ್ಚು ಕಾಡಿದೆ, ಯಾಕೆಂದರೆ ಇದಕ್ಕೆ ಧಮ್ಮದ ಹೆಸರನ್ನೇ ಹೊದಿಸಿದ್ದೆ.

ಕೊನೆಯ ಪ್ರಶ್ನೆ: "ಮುಂದಿನ ತಿಂಗಳೇ ಸೇರ್ತೀರಾ?"

ಇಲ್ಲಿ ಮಾತ್ರ ನಿಜವಾದ ಋಣ ಎದುರು ಬಂದು ನಿಂತಿತು. ಹತ್ತನೇ ತರಗತಿಯಲ್ಲಿ 41 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತಿರುವುದು ಇದೇ ಮೊದಲು. ನಡುವೆ ಬಿಟ್ಟರೆ ಆಡಳಿತದವರಿಗೆ ಏನೂ ನಷ್ಟವಿಲ್ಲ, ಇನ್ನೂ ಕಡಿಮೆ ಸಂಬಳಕ್ಕೆ ಯಾರನ್ನೋ ತರುತ್ತಾರೆ. ನಷ್ಟ ಆ ಮಕ್ಕಳಿಗೆ. 'ನೀನು' ಎಂದವರು ಅವರಲ್ಲ. "ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ" ಎಂದೆ. "ತಿಳಿಸ್ತೀವಿ" ಎಂದರು. ಸಂಬಳ ಈಗಿನದರ ಒಂದೂವರೆ ಪಟ್ಟಿತ್ತು. ಹೊರಗೆ ಬಂದಾಗ ಹೊಟ್ಟೆ ತಣ್ಣಗಾಯಿತು ಅಂತೇನೂ ಇಲ್ಲ, ಉರಿಯಿತು.

1951ರ ಸೆಪ್ಟೆಂಬರ್ 27ರಂದು ಬಾಬಾಸಾಹೇಬರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ ಕೈಬಿಟ್ಟದ್ದು ಕಾರಣಗಳಲ್ಲಿ ದೊಡ್ಡದು. ಆದರೂ ಪ್ರಧಾನಿ ಕೇಳಿಕೊಂಡಂತೆ ಇನ್ನೂ ಕೆಲ ದಿನ ಕೆಲಸದಲ್ಲಿದ್ದರು. ನಾನೂ ಹಾಗೇ, ವರ್ಷ ಮುಗಿಸಿ ಹೋಗುತ್ತೇನೆ ಎಂದು ಮೊದಲು ಸಮಾಧಾನಪಟ್ಟೆ. ಆಮೇಲೆ ಗೊತ್ತಾಯಿತು, ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಅವರು ಕೆಲಸದಲ್ಲಿದ್ದದ್ದು ಪತ್ರ ಕೊಟ್ಟ ಮೇಲೆ. ಹೋಗುತ್ತಾರೆಂದು ಗೊತ್ತಾಗಬೇಕಾದವರಿಗೆ ಗೊತ್ತಿತ್ತು. ನಾನು ಚೀಟಿಯ ಹಿಂದೆ ಅಡಗಿದ್ದೆ.

ಈ ಬರಹವನ್ನು ಬಳಗಕ್ಕೆ ಕಳಿಸುವ ಮೊದಲು ಮುಖ್ಯ ಶಿಕ್ಷಕರಿಗೆ ತಿಳಿಸಲೇಬೇಕಿತ್ತು. ನಿನ್ನೆ ಸಂಜೆ ಹೇಳಿದೆ: ಸಂದರ್ಶನಕ್ಕೆ ಹೋಗಿದ್ದು, ಮತ್ತೆ ಬೇರೆ ಕಡೆಗೂ ಹೋಗಬಹುದು ಎಂಬುದು, ಮಾರ್ಚ್ ಪರೀಕ್ಷೆವರೆಗೆ ಬಿಡುವುದಿಲ್ಲ ಎಂಬುದು. 'ನೀನು' ಎಂಬ ಮಾತನ್ನೂ ಹೇಳಿದೆ, ಮೊದಲ ಸಲ. ಅವರು ಬಹಳ ಹೊತ್ತು ಸುಮ್ಮನಿದ್ದು ಇಬ್ಬರಿಗೂ ಚಹಾ ತರಿಸಿದರು. ಆಮೇಲೆ ಅವರು ಆಡಿದ್ದು ಅವರ ಸ್ವಂತ ಮಾತು, ಇಲ್ಲಿ ಬರೆಯುವಂಥದ್ದಲ್ಲ. ದುರ್ಗದಿಂದ ಇನ್ನೂ ಫೋನ್ ಬಂದಿಲ್ಲ. ಅವ್ವನಿಗೆ ಇದನ್ನೆಲ್ಲ ಹೇಗೆ ಬಿಡಿಸಿ ಹೇಳುವುದೆಂದು ತಿಳಿಯುತ್ತಿಲ್ಲ, ಭಾನುವಾರ ಕೂಡಿದಾಗ ನಿಮ್ಮನ್ನೇ ಕೇಳುತ್ತೇನೆ.

ಭವತು ಸಬ್ಬ ಮಂಗಲಂ 🙏