ಚೆನ್ನಾಗಿ ನೋಡಿಕೊಳ್ಳುತ್ತಾರೆ

ಬ್ಯಾಂಕಿನ ನೌಕರಿಯಲ್ಲಿ ನಾಲ್ಕು ವರ್ಷ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಯಾವ ಶಾಖೆಗೆ ಹೋದರೂ ಮೊದಲು ನಗದು ಎಣಿಕೆ, ಆಮೇಲೆ ಅಡವಿಟ್ಟ ಬಂಗಾರದ ಚೀಲಗಳು, ಆಮೇಲೆ ರಿಜಿಸ್ಟರುಗಳು. ಮನುಷ್ಯರ ಮುಖ ನೋಡುವುದು ಕೊನೆಗೆ, ಅದೂ ಪುರುಸೊತ್ತಿದ್ದರೆ. 2014ರಲ್ಲಿ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕಾಗಿ ಬಂದಾಗ ಆಶ್ರಮವನ್ನೂ ನಾನು ಹೀಗೇ ತಪಾಸಣೆ ಮಾಡಿದೆ.

ಬದಲಾಪುರದಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷದ ದಾರಿ. ಎರಡು ಮಹಡಿ, ಇಪ್ಪತ್ತೆರಡು ಹಾಸಿಗೆ. ಅಡುಗೆಮನೆಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡಿದೆ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಇತ್ತು, ನೆಲ ಜಾರುತ್ತಿರಲಿಲ್ಲ. ವಾರಕ್ಕೊಮ್ಮೆ ಡಾಕ್ಟರು. ಔಷಧಿ ಕೊಟ್ಟ ಹೊತ್ತನ್ನು ಬರೆದಿಡುವ ಪುಸ್ತಕವಿತ್ತು, ಹಿಂದಿನ ಮೂರು ತಿಂಗಳ ಪುಟ ತಿರುವಿದೆ, ಎಲ್ಲೂ ಒಟ್ಟಿಗೆ ಕೂತು ಬರೆದ ಗುರುತಿಲ್ಲ. (ಒಂದೇ ಪೆನ್ನು, ಒಂದೇ ಕೈಬರಹ ಕಂಡರೆ ಇನ್‌ಸ್ಪೆಕ್ಟರುಗಳಿಗೆ ಮೂಗು ಚುರುಕಾಗುತ್ತದೆ.) ನಡೆಸುತ್ತಿದ್ದವರು ನಿವೃತ್ತ ನರ್ಸ್, ಮರಾಠಿ ಹೆಂಗಸು, ಮಾತು ಕಡಿಮೆ. ಮನೆಗೆ ಬಂದು ನನ್ನಾಕೆಗೆ ಹೇಳಿದೆ: "ಚೆನ್ನಾಗಿ ನೋಡ್ಕೊಳ್ತಾರೆ. ಯೋಚನೆ ಬೇಡ."

ಊರಿನಲ್ಲಿರುವ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. "ತಾಯಿಯನ್ನು ಮುಂಬಯಿಗೆ ಕರಕೊಂಡು ಹೋದ, ಆಶ್ರಮಕ್ಕೆ ಹಾಕಿದ" ಎಂದು ಕುಂದಾಪುರದ ಕಡೆ ನಮ್ಮ ನೆಂಟರಲ್ಲಿ ಹೇಳದವರು ಕಡಿಮೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಡೊಂಬಿವಿಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಒಂಬತ್ತು ವರ್ಷ ಇದ್ದಳು. ಮರೆವು ಶುರುವಾಯಿತು. ಎರಡು ಸಲ ಗ್ಯಾಸ್ ತೆರೆದಿಟ್ಟಳು. ಒಮ್ಮೆ ಮೂರನೆಯ ಮಹಡಿಯಿಂದ ಇಳಿದು ಸ್ಟೇಷನ್ನಿನ ತನಕ ಹೋಗಿಬಿಟ್ಟಿದ್ದಳು. ನಾನು ಬೆಳಿಗ್ಗೆ 7.50ರ ಲೋಕಲ್ಲಿಗೆ ಹೋದರೆ ರಾತ್ರಿ ಒಂಬತ್ತು, ನನ್ನಾಕೆ ಶಾಲಾ ಶಿಕ್ಷಕಿ. ಹಗಲಿಗೆ ಇಟ್ಟ ಮೂವರು ಬಾಯಿಯರು ಒಬ್ಬರ ಹಿಂದೊಬ್ಬರು ಬಿಟ್ಟುಹೋದರು. ಇದು ಸಮರ್ಥನೆಯಲ್ಲ, ಲೆಕ್ಕ ಒಪ್ಪಿಸುವುದು ಅಷ್ಟೆ. ಸೇರಿಸಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಗಿಂತ ಸೇರಿಸಿದ ಮೇಲೆ ನಡೆದದ್ದೇ ನನ್ನನ್ನು ಇಂದಿಗೂ ಕಾಡುತ್ತಿದೆ.

2015ರ ಮಾರ್ಚ್ 31. ಬ್ಯಾಂಕಿನವರಿಗೆ ಆ ದಿನ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕೌಂಟರಿನ ಮುಂದೆ ತೆರಿಗೆ ಕಟ್ಟುವವರ ಸಾಲು, ಪ್ರಾದೇಶಿಕ ಕಚೇರಿಯಿಂದ ಅರ್ಧ ಗಂಟೆಗೊಮ್ಮೆ ಫೋನು. ಮಧ್ಯಾಹ್ನ ಆಶ್ರಮದ ಮ್ಯಾಡಮ್ ಫೋನ್ ಮಾಡಿದರು. "ಸಾಹೇಬ್, ಆಜಿ ನಾಲ್ಕೈದು ದಿನದಿಂದ ಒಂದೇ ಮಾತು ಹೇಳ್ತಿದ್ದಾರೆ. ರಾತ್ರಿ ಜಾಸ್ತಿ. ನಮಗೆ ತಿಳೀತಾ ಇಲ್ಲ" ಎಂದು ಹಿಂದಿಯಲ್ಲಿ ಹೇಳಿ, ಅಮ್ಮನ ಮಾತನ್ನು ತಮ್ಮ ಬಾಯಲ್ಲಿ ಒಪ್ಪಿಸಿದರು: "ಹೊರಗ್ ಹೋಯ್ಕ್, ಹೊರಗ್ ಹೋಯ್ಕ್."

ಹಿಂದಿ ಅಮ್ಮನಿಗೆ ಬರುತ್ತಿರಲಿಲ್ಲವೆಂದಲ್ಲ. ಒಂಬತ್ತು ವರ್ಷದಲ್ಲಿ ತರಕಾರಿಯವನ ಜತೆ ಚೌಕಾಸಿ ಮಾಡುವಷ್ಟು ಕಲಿತಿದ್ದಳು. ಮರೆವು ಬಂದಾಗ ಕಡೆಗೆ ಕಲಿತ ಭಾಷೆ ಮೊದಲು ಹೋಗುವುದುಂಟು, ಮೊದಲು ಕಲಿತದ್ದು ಕಡೆಯ ತನಕ ಉಳಿಯುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಅಮ್ಮನಲ್ಲಿ ಹಿಂದಿ ಹೋಯಿತು, ಪೇಟೆಯ ಕನ್ನಡವೂ ಹೋಯಿತು, ಕುಂದಾಪುರದ ಮಾತು ಮಾತ್ರ ಉಳಿಯಿತು.

ನಾನು ಒಂದು ಕೈಯಲ್ಲಿ ವೋಚರಿಗೆ ಸಹಿ ಹಾಕುತ್ತಾ ಹೇಳಿದೆ, "ಹೊರಗೆ ಹೋಗಬೇಕಂತೆ. ಊರಿಗೆ ಹೋಗಬೇಕು ಅಂತ ಹಟ." ಹೀಗೆ ಹೇಳಲು ಒಂದು ಸೆಕೆಂಡು ಕೂಡ ಬೇಕಾಗಲಿಲ್ಲ. ಊರ ಮನೆಗೆ ಬೀಗ ಹಾಕಿ ಅವಳನ್ನು ಕರಕೊಂಡು ಬಂದವನು ನಾನೇ. ಅವಳು ಏನು ಹೇಳಿದರೂ ಅದು ಊರಿಗೆ ಹೋಗುವ ಮಾತೆಂದೇ ನನಗೆ ಕೇಳಿಸುತ್ತಿತ್ತು.

ಮುಂದೆ ಆಗಿದ್ದೆಲ್ಲ ನಿಯಮದ ಪ್ರಕಾರವೇ ಆಯಿತು. ಪುಸ್ತಕದಲ್ಲಿ "ಹೊರಗೆ ಹೋಗುವ ಪ್ರಯತ್ನ" ಎಂದು ದಾಖಲಾಯಿತು. ಮಂಚಕ್ಕೆ ಎರಡು ಕಡೆ ಕಂಬಿ ಏರಿಸಿದರು, ರಾತ್ರಿ ಬಾಗಿಲಿಗೆ ಚಿಲಕ. ಎದ್ದು ಬೀಳಬಾರದೆಂದು ಡಯಾಪರ್, ಗಲಾಟೆ ಕಡಿಮೆಯಾಗಲೆಂದು ಡಾಕ್ಟರು ಬರೆದ ಅರ್ಧ ಮಾತ್ರೆ. ಭಾನುವಾರ ಹೋದಾಗ ಒಪ್ಪಿಗೆಯ ಕಾಗದ ಮುಂದಿಟ್ಟರು. ಓದಿಯೇ ಸಹಿ ಹಾಕಿದೆ. "ಬಿದ್ದು ಸೊಂಟ ಮುರಿದರೆ ನೀವೇ ಬಂದು ನಮ್ಮನ್ನು ಕೇಳ್ತೀರಿ, ಸಾಹೇಬ್" ಎಂದರು ಮ್ಯಾಡಮ್. ನಿಜ, ಕೇಳುತ್ತಿದ್ದೆ. ರಾತ್ರಿ ಇಪ್ಪತ್ತೆರಡು ಜನಕ್ಕೆ ಇಬ್ಬರು ಆಯಾಗಳು. ಅವರ ಜಾಗದಲ್ಲಿ ನಾನಿದ್ದರೆ ಬೇರೆ ಏನು ಮಾಡುತ್ತಿದ್ದೆ?

ಅಮ್ಮ ಬೀಳಲಿಲ್ಲ. ತೂಕ ಇಳಿಯಲಿಲ್ಲ. ಬೆನ್ನಿನ ಮೇಲೆ ಹುಣ್ಣಾಗಲಿಲ್ಲ. ಭಾನುವಾರ ಹೋದಾಗ ಬಾಚಿದ ತಲೆ, ಇಸ್ತ್ರಿ ಮಾಡಿದ ನೈಟಿ. ಮಾತು ಮಾತ್ರ ಕಡಿಮೆಯಾಗುತ್ತಾ ಬಂತು. ಕಾಯಿಲೆ ಮುಂದುವರಿಯುತ್ತಿದೆ ಎಂದುಕೊಂಡೆವು. ಇನ್‌ಸ್ಪೆಕ್ಟರನ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು.

ಮೇ ತಿಂಗಳ ಕೊನೆಗೆ ಒಬ್ಬಳು ಹೊಸ ಆಯಾ ಬಂದಳು. ಯಾದಗಿರಿ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಆ ಕಡೆಯ ಜನ ಎಷ್ಟು ಮಂದಿ ಮುಂಬಯಿಯ ಗೋಡೆಗಳನ್ನು ಕಟ್ಟಿದ್ದಾರೆಂಬುದು ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅಷ್ಟಾಗಿ ಬರುವುದಿಲ್ಲ, ಇರಲಿ. ಬಂದು ನಾಲ್ಕನೆಯ ದಿನಕ್ಕೆ ಅವಳು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. "ಸರ, ಅಮ್ಮಾರು ಊರಿಗಿ ಹೋಗ್ತೀನಿ ಅನ್ನಲ್ರೀ. ಹೊರಕಡಿಗಿ ಹೋಗಬೇಕಂತಾರ್ರೀ. ನಾ ಕೈ ಹಿಡದು ಸಂಡಾಸಕ್ಕ ಕರಕೊಂಡು ಹೋದೆ, ಸುಮ್ಮಕಾದ್ರು."

ನನಗೆ ಈ ಮಾತು ಗೊತ್ತಿಲ್ಲವೆ? ನಮ್ಮ ಮನೆಯಲ್ಲಿ ಕಕ್ಕಸು ಇದ್ದದ್ದು ಅಂಗಳದ ಆಚೆ, ಬಾವಿಯನ್ನೂ ದಾಟಿ. ಚಿಕ್ಕಂದಿನಲ್ಲಿ ರಾತ್ರಿ ಅಮ್ಮನ ಸೆರಗು ಎಳೆದು ನಾನೇ ಅದೇ ಮಾತು ಹೇಳುತ್ತಿದ್ದೆ, ಅವಳು ಲಾಟೀನು ಹಿಡಿದು ಜತೆಗೆ ಬರುತ್ತಿದ್ದಳು. ಕನ್ನಡ ಬಾರದ ಮ್ಯಾಡಮ್ ಅರ್ಥ ಕೇಳಿದ್ದರು. ಕನ್ನಡ ಬರುವ ಮಗ ತಪ್ಪು ಅರ್ಥ ಹೇಳಿದ್ದ. ಎಂಟು ವಾರ ಆ ಹೆಂಗಸು ಬಾಯಿಬಿಟ್ಟು ಕೇಳಿದ್ದಕ್ಕೆ ನಾವು ಕಂಬಿ, ಚಿಲಕ, ಡಯಾಪರ್ ಮತ್ತು ಮಾತ್ರೆ ಕೊಟ್ಟಿದ್ದೆವು.

ಆಶ್ರಮವನ್ನು ದೂರಬಹುದಿತ್ತು. ಊರಿನಲ್ಲಿ ಹೇಳಿಕೊಂಡಿದ್ದರೆ ಎಲ್ಲರೂ ಆಶ್ರಮವನ್ನೇ ಬೈಯುತ್ತಿದ್ದರು, ನನಗೂ ಹಗುರವಾಗುತ್ತಿತ್ತು. ಆದರೆ ದೂರುವುದು ಯಾವ ಲೆಕ್ಕದಲ್ಲಿ? ಒಳ್ಳೆಯ ಆರೈಕೆ ಎಂದರೆ ಏನೆಂದು ನಾನು ಮೊದಲ ದಿನ ಕೇಳಿದ್ದೆನೋ ಅದನ್ನೆಲ್ಲ ಅವರು ಕೊಟ್ಟಿದ್ದರು. ನಾನು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ನನ್ನ ತಾಯಿ "ಬ್ಯಾಡ" ಎಂದರೆ ಇಲ್ಲಿ ಯಾರಿಗೆ ತಿಳಿಯುತ್ತದೆ?

"ನೋಡಿಕೊಳ್ಳುವುದು" ಎಂಬ ನಮ್ಮ ಶಬ್ದದಲ್ಲೇ ಕಣ್ಣಿನ ಕೆಲಸ ಜಾಸ್ತಿ. ಬೀಳದ ಹಾಗೆ ನೋಡು, ಉಣ್ಣುತ್ತಾರೋ ನೋಡು, ಈಗ ಕ್ಯಾಮರಾದಲ್ಲೂ ನೋಡು. ಮಕ್ಕಳು ದುಬೈಯಲ್ಲಿ ಕೂತು ಮೊಬೈಲಿನಲ್ಲಿ ತಾಯಿಯ ಮಂಚ ನೋಡುವ ಸೌಕರ್ಯ ಇದೆ. ಮಂಚ ಕಾಣುತ್ತದೆ, ಬೀಳದೆ ಮಲಗಿರುವ ಮುದುಕಿ ಕಾಣುತ್ತಾಳೆ. ಅವಳಿಗೇನು ಬೇಕು ಎಂಬುದು ಅದರಲ್ಲಿ ಕಾಣುವ ಸಂಗತಿಯಲ್ಲ.

ಹಾಗೆಂದು ಮುದುಕರು ಹೇಳಿದ್ದಕ್ಕೆಲ್ಲ ಹೂಂ ಎನ್ನಬೇಕೆ? ಮರೆವಿನವರು ಮಾತ್ರೆ ಬೇಡ ಎನ್ನುತ್ತಾರೆ, ಸ್ನಾನ ಬೇಡ ಎನ್ನುತ್ತಾರೆ, ನಡುರಾತ್ರಿ ಬಾಗಿಲು ತೆಗೆ ಎನ್ನುತ್ತಾರೆ. ಇದಕ್ಕೆ ಸಲೀಸಾದ ಉತ್ತರ ನನ್ನಲ್ಲಿಲ್ಲ. ಆದರೆ ಕೇಳಿ, ಅರ್ಥ ಮಾಡಿಕೊಂಡು, ಆಮೇಲೆ ಇಲ್ಲ ಎನ್ನುವುದೇ ಬೇರೆ, ಕೇಳುವ ಮೊದಲೇ ಚಿಲಕ ಹಾಕುವುದೇ ಬೇರೆ. ಚಿಲಕ ಯಾರ ಭಯಕ್ಕೆ ಎಂದೂ ಕೇಳಿಕೊಳ್ಳಬೇಕು. ನಮ್ಮಲ್ಲಿ ಒಬ್ಬ ಮ್ಯಾನೇಜರು ಇದ್ದರು, ಐದು ವರ್ಷದಲ್ಲಿ ಒಂದು ಸಾಲವೂ ಮುಳುಗಲಿಲ್ಲ ಎಂಬ ಹೆಸರು. ಮುಳುಗುವುದು ಹೇಗೆ, ಸಾಲ ಕೊಟ್ಟರಲ್ಲವೆ! ಊರಿನ ಒಬ್ಬ ಬಡಪಾಯಿಗೂ ಆ ಶಾಖೆಯಿಂದ ಉಪಯೋಗವಾಗಲಿಲ್ಲ, ದಾಖಲೆ ಮಾತ್ರ ಸ್ವಚ್ಛ. ಬೀಳದ ಮುದುಕಿಯೂ ನನಗೆ ಅಂಥದೇ ಸ್ವಚ್ಛ ದಾಖಲೆಯಾಗಿದ್ದಳು. ಅವಳು ಬಿದ್ದರೆ ನೋವು ಅವಳಿಗೆ, ಜವಾಬ್ದಾರಿ ನನಗೆ. ನಾನು ಸಹಿ ಹಾಕಿದ್ದು ನನ್ನ ಜವಾಬ್ದಾರಿ ತಪ್ಪಿಸಿಕೊಳ್ಳಲು, ಅವಳ ನೋವು ತಪ್ಪಿಸಲು ಅಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ಕಾಯಿದೆ ಏನು ಹೇಳುತ್ತದೆಂದು ಆಮೇಲೆ ಓದಿದೆ, ಓದುವ ಚಟ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ 19ನೆಯ ಕಲಮಿನಲ್ಲಿ ವೃದ್ಧಾಶ್ರಮದ ಮಾತಿದೆ. ಜಿಲ್ಲೆಗೆ ಕನಿಷ್ಠ ಒಂದು, ಅದರಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಜಾಗ. ರಾಜ್ಯ ಸರಕಾರ ಆಶ್ರಮಗಳ ಗುಣಮಟ್ಟ ನಿಗದಿ ಮಾಡಬಹುದು, ವೈದ್ಯಕೀಯ ಆರೈಕೆಗೆ, ಮನರಂಜನೆಗೆ ಬೇಕಾದ ಸೇವೆಗಳನ್ನು ಗೊತ್ತುಮಾಡಬಹುದು. ಮನರಂಜನೆ! ನಮ್ಮ ಆಶ್ರಮದಲ್ಲಿ ಟೀವಿ ಇತ್ತು, ಮರಾಠಿ ಧಾರಾವಾಹಿ ದಿನವಿಡೀ ಓಡುತ್ತಿತ್ತು. ಆರೈಕೆ ಕೇಂದ್ರಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಮಟ್ಟ ಕಾಪಾಡಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಆ ಲೋಕಸಭೆಯ ಅವಧಿ ಮುಗಿಯುವುದರೊಳಗೆ ಕಾಯಿದೆಯಾಗಲಿಲ್ಲ. ಅಮೆರಿಕದಲ್ಲಿ 1987ರಲ್ಲೇ ಒಂದು ಕಾಯಿದೆಯಾಗಿದೆ: ಸಿಬ್ಬಂದಿಯ ಅನುಕೂಲಕ್ಕಾಗಿ ನರ್ಸಿಂಗ್ ಹೋಮಿನ ನಿವಾಸಿಯನ್ನು ಕಟ್ಟಿಹಾಕುವಂತಿಲ್ಲ, ಅದಕ್ಕಾಗಿ ಔಷಧಿ ಕೊಟ್ಟು ಮಂಕುಮಾಡುವಂತೆಯೂ ಇಲ್ಲ. ಬೇಕಾದ ಕಾಯಿದೆಯೇ. ಆದರೆ ಯಾವ ಕಾಯಿದೆ ಬಂದರೂ ಅಮ್ಮನ ಮಾತಿನ ಅರ್ಥ ಹೇಳಬೇಕಾದವನು ನಾನೇ ಆಗಿದ್ದೆ.

ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರು ಎಲ್ಲದಕ್ಕೂ ಒಂದೊಂದು ವ್ಯವಸ್ಥೆ ಮಾಡಿಕೊಂಡಿದ್ದರು. ಹೋಟೆಲಿನ ಹುಡುಗರು ಓದಲೆಂದು ರಾತ್ರಿ ಶಾಲೆ, ಮಾತುಂಗಾದಲ್ಲಿ 1926ರ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಜಾತಿಗೊಂದು ಸಂಘ, ಯಕ್ಷಗಾನಕ್ಕೆ ಮಂಡಳಿ. ಮುದಿತನಕ್ಕೆ ಮಾತ್ರ ಊರು ಇದ್ದೇ ಇದೆ ಎಂದುಕೊಂಡರು. ರಿಟೈರಾದ ಮೇಲೆ ಊರಲ್ಲಿ ಮನೆ ಕಟ್ಟುವುದು ನಮ್ಮೆಲ್ಲರ ಪ್ಲಾನು. ಕಟ್ಟಿದವರು ಇದ್ದಾರೆ. ಅವರಲ್ಲಿ ಹಲವರು ಈಗ ಆ ಮನೆಗಳಲ್ಲಿ ಇಬ್ಬರೇ, ಇಲ್ಲವೆ ಒಬ್ಬರೇ. ಹೋಮ್ ನರ್ಸ್ ಬರುತ್ತಾಳೆ, ಘಟ್ಟದ ಮೇಲಿನವಳು, ಕೆಲವೊಮ್ಮೆ ಇನ್ನೂ ದೂರದವಳು. ನಮ್ಮ ಕುಂದಾಪುರದ ಮಾತು ಅವಳಿಗೂ ತಿಳಿಯುವುದಿಲ್ಲ. ಆದ್ದರಿಂದ, ಊರಲ್ಲಿದ್ದೀರಿ ಎಂಬ ಒಂದೇ ಧೈರ್ಯದಿಂದ ಈ ಕತೆಯನ್ನು ಪರದೇಶದ ಕತೆಯ ಹಾಗೆ ಓದಬೇಡಿ.

ನಾನು ಮಾಡಿದ್ದು ಸಣ್ಣ ಕೆಲಸ. ಒಂದು ಹಾಳೆಯ ಮೇಲೆ ಅಮ್ಮ ಹೇಳಬಹುದಾದ ಮೂವತ್ತು ಮಾತುಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಬರೆದು ಮಂಚದ ಗೋಡೆಗೆ ಅಂಟಿಸಿದೆ. ಮ್ಯಾಡಮ್ ಬೇಸರಿಸಲಿಲ್ಲ. ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಿದರು, ಕಂಬಿ ಇಳಿಸಿದರು, ಮಂಚವನ್ನು ಬಚ್ಚಲಿನ ಹತ್ತಿರದ ಕೋಣೆಗೆ ಬದಲಾಯಿಸಿದರು. ಮೂರು ವಾರಕ್ಕೆ ಅಮ್ಮ ಒಂದಿಷ್ಟು ಮಾತಾಡಿದಳು. ಸೆಪ್ಟೆಂಬರಿನಲ್ಲಿ ಒಂದು ಸಲ ಬಿದ್ದಳು ಕೂಡ, ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿಸಿಕೊಂಡು ಬಂದ ಅವಳ ಎದುರು ಕೂತಾಗ ನಾನು ಮಾಡಿದ್ದು ಸರಿಯೆಂದು ಹೇಳಲು ನನಗೆ ಧೈರ್ಯವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕಂಬಿ ಮತ್ತೆ ಏರಿಸೋಣವೇ ಎಂದು ಮ್ಯಾಡಮ್ ಕೇಳಿದರು. ನಾನು ಅಮ್ಮನನ್ನೇ ಕೇಳಿದೆ. ಕಂಬಿಯನ್ನು ಕೈಯಲ್ಲಿ ಮುಟ್ಟಿ ತೋರಿಸಿ ಕೇಳಿದೆ. "ಬ್ಯಾಡ" ಎಂದಳು. ಏರಿಸಲಿಲ್ಲ. 2017ರಲ್ಲಿ ತೀರಿಕೊಂಡಳು, ನಿದ್ದೆಯಲ್ಲಿ.

ಯಾದಗಿರಿಯ ಆ ಹುಡುಗಿ ಅದಕ್ಕೆ ಮೊದಲೇ ಕೆಲಸ ಬಿಟ್ಟಿದ್ದಳು, ಗಂಡನ ಕೆಲಸ ಪನ್ವೇಲ್ ಕಡೆಗೆ ಹೋಯಿತೆಂದು. ಹನ್ನೆರಡು ಗಂಟೆಯ ಪಾಳಿಗೆ ಅವಳಿಗೆ ಸಿಗುತ್ತಿದ್ದ ಸಂಬಳ ಎಷ್ಟೆಂದು ತಪಾಸಣೆಯ ದಿನ ನಾನು ಕೇಳಿರಲಿಲ್ಲ. ಅವಳ ಅತ್ತೆ ಊರಲ್ಲಿ ಒಬ್ಬಳೇ ಇದ್ದಳಂತೆ.

ಹೋದ ವರ್ಷ ಆಶ್ರಮದಿಂದ ಮತ್ತೆ ಫೋನು ಬಂತು. ಹೊಸದಾಗಿ ಒಬ್ಬ ಕನ್ನಡದ ಹೆಂಗಸು ಬಂದಿದ್ದಾರೆ, ಏನೋ ಹೇಳುತ್ತಾರೆ, ನಮಗೂ ಅವರ ಸೊಸೆಗೂ ತಿಳಿಯುತ್ತಿಲ್ಲ ಎಂದು ಮ್ಯಾಡಮ್ ಫೋನನ್ನು ಆಕೆಯ ಬಾಯಿಯ ಹತ್ತಿರ ಹಿಡಿದರು. ಕೇಳಿಸಿಕೊಂಡೆ. ಉತ್ತರ ಕರ್ನಾಟಕದ ಮಾತು, ಬೊಚ್ಚು ಬಾಯಿ, ಎರಡು ಶಬ್ದ ಬಿಟ್ಟರೆ ನನಗೆ ತಿಳಿಯಲಿಲ್ಲ. ನಾಲಿಗೆಯ ತುದಿಗೆ ಒಂದು ಅರ್ಥ ಬಂದಿತ್ತು. ನುಂಗಿಕೊಂಡೆ. ಹಳೆಯ ಡೈರಿಯಲ್ಲಿ ಯಾದಗಿರಿಯವಳ ನಂಬರು ಹುಡುಕಿದೆ. ಎರಡನೆಯ ಸಲಕ್ಕೆ ಎತ್ತಿದಳು, ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು. ವಿಷಯ ಹೇಳಿದೆ.

"ಅರ್ಥ ಆಮ್ಯಾಲ ಹೇಳ್ತೀನ್ರೀ ಸರ," ಎಂದಳು. "ಮೊದಲ ಅವರ ಊರು ಯಾವುದು, ಕೇಳ್ರಿ."