ಸಂಯಮಕ್ಕೆ ಗುರಿ ಇಟ್ಟವರು ಯಾರು?

ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನಿನಲ್ಲಿಯೂ, ಹೆಗ್ಗಡದೇವನಕೋಟೆ ಮತ್ತು ಹುಣಸೂರು ಸೀಮೆಯ ಜಮೀನುಗಳಲ್ಲಿ ಕಳೆ ತೆಗೆಯಲು, ನೀರೆತ್ತಲು ಬಳಸುವ ಅದರ ಸೋದರ ಇಂಜಿನ್ನುಗಳಲ್ಲಿಯೂ ಗವರ್ನರ್ ಎಂಬ ಭಾಗವಿರುತ್ತದೆ. ಹೊರೆ ಹೆಚ್ಚಲಿ ತಗ್ಗಲಿ, ವೇಗವನ್ನು ಒಂದೇ ಅಂಕೆಯಲ್ಲಿಡುವುದು ಅದರ ಕೆಲಸ. ಒಳಗೆ ತಿರುಗುವ ಪುಟ್ಟ ತೂಕಗಳು ವೇಗ ಏರಿದಂತೆ ಹೊರಕ್ಕೆ ಸರಿದು, ಸನ್ನೆಯೊಂದರ ಮೂಲಕ ಥ್ರಾಟಲನ್ನು, ಎಂದರೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಳಬಿಡುವ ಕದವನ್ನು, ಮುಚ್ಚಲು ಒತ್ತುತ್ತವೆ. ಸ್ಪ್ರಿಂಗೊಂದು ಅದೇ ಕದವನ್ನು ತೆರೆಯಲು ಎಳೆಯುತ್ತಿರುತ್ತದೆ. ಎರಡು ಬಲಗಳೂ ಸರಿದೂಗಿದಲ್ಲಿ ವೇಗ ನಿಲ್ಲುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ತತ್ತ್ವವೂ ಇದೇ.

ಇದನ್ನು ಸಂಯಮವೆನ್ನಬಹುದೇ? ಕಠೋಪನಿಷತ್ತು ದೇಹವನ್ನು ರಥವೆಂದೂ ಮನಸ್ಸನ್ನು ಲಗಾಮೆಂದೂ ಬುದ್ಧಿಯನ್ನು ಸಾರಥಿಯೆಂದೂ ಕಲ್ಪಿಸುತ್ತದೆ. ಗವರ್ನರಿನಲ್ಲಿ ಲಗಾಮಿದೆ, ಸಾರಥಿಯಿಲ್ಲ. ಅದಕ್ಕಿಂತಲೂ ಯೋಚಿಸಬೇಕಾದದ್ದು ಇನ್ನೊಂದಿದೆ. ಸಮಚಿತ್ತವೆಂದರೆ ಕದಲದಿರುವುದು ಎಂಬ ಭಾವನೆ ರೂಢಿಯಲ್ಲಿದೆ, ಆದರೆ ವೇಗ ತುಸುವಾದರೂ ಕುಸಿಯದೆ ಗವರ್ನರ್ ಕದ ತೆರೆಯಲಾರದು. ಹೊರೆ ಹೊತ್ತ ಇಂಜಿನ್ ಬರಿದೆ ಓಡುವಾಗಿನ ವೇಗಕ್ಕಿಂತ ಸ್ವಲ್ಪ ಕೆಳಗೇ ನೆಲೆಗೊಳ್ಳುತ್ತದೆ. ತಪ್ಪೇ ಇಲ್ಲದಿದ್ದರೆ ತಿದ್ದುಪಡಿಗೆ ಆಧಾರವೇ ಇರುವುದಿಲ್ಲ.

ಹಾಗಾದರೆ ಅತಿ ಸಣ್ಣ ತಪ್ಪಿಗೂ ಎಚ್ಚರಗೊಳ್ಳುವ ಗವರ್ನರ್ ಉತ್ತಮವೇ? ರಿಪೇರಿಯ ಅನುಭವ ಬೇರೆಯದನ್ನೇ ಹೇಳುತ್ತದೆ. ಸನ್ನೆಯ ತೂತುಗಳಲ್ಲಿ ಸ್ಪ್ರಿಂಗನ್ನು ಕೀಲಿಗೆ ತೀರ ಹತ್ತಿರದ್ದಕ್ಕೆ ಸಿಕ್ಕಿಸಿದರೆ ಗವರ್ನರ್ ಅತಿ ಚುರುಕಾಗಿ, ಪ್ರತಿ ತಿದ್ದುಪಡಿಯೂ ಮಿತಿ ಮೀರಿ, ಇಂಜಿನ್ ಭರ್ರೆಂದು ಏರುತ್ತ ಇಳಿಯುತ್ತ ಓಡುತ್ತದೆ. ಗವರ್ನರ್ ಯಾವಾಗ ಸ್ಥಿರ, ಯಾವಾಗ ಅಸ್ಥಿರ ಎಂಬುದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದಿಂದ ವಿವೇಚಿಸಿದ. ಮಡಿ, ಮೈಲಿಗೆ, ಪ್ರಾಯಶ್ಚಿತ್ತಗಳಲ್ಲಿ ಅತಿಯಾಗಿ ತೊಡಗಿದ ಮನಸ್ಸಿನ ಹೊಯ್ದಾಟ ಇದಕ್ಕಿಂತ ಭಿನ್ನವಲ್ಲ. (ಕಾರ್ಬುರೇಟರಿನಲ್ಲಿ ಕಸ ಕಟ್ಟಿ ಇಂಧನ ಸಾಲದಾದಾಗಲೂ ಇದೇ ಏರಿಳಿತ ಕಾಣುವುದರಿಂದ, ಬಲ್ಲ ಮೆಕ್ಯಾನಿಕ್ ಮೊದಲು ಅದನ್ನು ತೊಳೆಯುತ್ತಾನೆ, ಉಪವಾಸದ ದೇಹಕ್ಕೆ ಮನೋನಿಗ್ರಹವನ್ನು ಉಪದೇಶಿಸುವವರು ಗಮನಿಸಬೇಕಾದ ಕ್ರಮವಿದು.)

ಸ್ಪ್ರಿಂಗಿನ ಬಿಗಿಯನ್ನು ನಿಗದಿಪಡಿಸಿದವರು ಯಾರು ಎಂಬುದೇ ಕಠಿಣ ಪ್ರಶ್ನೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಉದ್ದಾಲಕ ಆರುಣಿಗೆ ಹೇಳುವ ಅಂತರ್ಯಾಮಿ ಎಲ್ಲದರೊಳಗಿದ್ದೂ ಅವುಗಳ ಅರಿವಿಗೆ ಬಾರದೆ ಅವನ್ನು ನಿಯಮಿಸುವವನು. ಈ ವೇದಾಂತದ ಪರಂಪರೆಗೆ ಕೃಷ್ಣರಾಜನಗರದ ಯಡತೊರೆಯಲ್ಲಿ ಮಠವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ವಿಹಾರದ ಬೌದ್ಧರಾದರೋ ಒಳಗೊಬ್ಬ ನಿಯಾಮಕನನ್ನು ಒಪ್ಪದೆ, ಕಾರಣಗಳು ಕೂಡಿ ಕಾರ್ಯ ಹುಟ್ಟುವ ಪ್ರತೀತ್ಯಸಮುತ್ಪಾದವನ್ನು ಹೇಳುತ್ತಾರೆ. ತೂಕ, ಸ್ಪ್ರಿಂಗುಗಳ ಸರಿದೂಗುವಿಕೆಗೆ ಬೌದ್ಧರ ವಿವರಣೆಯೇ ಸಾಕು. ಆದರೆ ವೇಗ ನಿಮಿಷಕ್ಕೆ 3,600 ಸುತ್ತಿನ ಒಳಗಿರಬೇಕೇಕೆ, 5,000 ಏಕಾಗಬಾರದು ಎಂಬುದಕ್ಕೆ ಆ ಬಲಗಳಲ್ಲಿ ಉತ್ತರವಿಲ್ಲ. ಸ್ಪ್ರಿಂಗನ್ನು ಅತಿಯಾಗಿ ಬಿಗಿದರೆ, ಕನೆಕ್ಟಿಂಗ್ ರಾಡ್ ಮುರಿಯುವಂಥ ವೇಗವನ್ನೂ ಗವರ್ನರ್ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ರಾವಣ, ಹಿರಣ್ಯಕಶಿಪುಗಳ ತಪಸ್ಸಿನಲ್ಲಿ ಸಂಯಮಕ್ಕೆ ಕೊರತೆಯಿರಲಿಲ್ಲ; ಕೆಟ್ಟದ್ದು ಗುರಿ.

ಇಂಜಿನ್ನಿಗೆ ಪರಿಹಾರ ಹೊರಗಿನಿಂದ ಬರುತ್ತದೆ: ಕಿವಿಯ ಅಂದಾಜನ್ನು ನಂಬದೆ, ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದು, ತಯಾರಕರು ಕೊಟ್ಟ ಅಂಕಿಗೆ ಸ್ಪ್ರಿಂಗನ್ನು ಹೊಂದಿಸಬೇಕು. ಅಂತರ್ಯಾಮಿಯನ್ನು ಒಪ್ಪುವ ವೇದಾಂತಿಯೂ ಶಾಸ್ತ್ರ ಮತ್ತು ಗುರುವನ್ನು ಬಿಟ್ಟುಕೊಡುವುದಿಲ್ಲ. ಒಳಗಿನ ಒಡೆಯನನ್ನೇ ಒಪ್ಪದ ಭಿಕ್ಷುವಿಗೂ ವಿನಯನಿಯಮವು ಹದಿನೈದು ದಿನಕ್ಕೊಮ್ಮೆ ಸಂಘದೊಡನೆ ಸೇರಿ, ತನ್ನ ತಪ್ಪನ್ನು ಮತ್ತೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಂಡು ಶುದ್ಧನಾಗಬೇಕೆಂದು ವಿಧಿಸುತ್ತದೆ.