ಕಾಣದುದೆಲ್ಲ ಇಲ್ಲದುದೇ?

ದೀಪದ ಬೆಳಕಿನಲ್ಲಿ ಬರಿನೆಲವನ್ನು ನೋಡಿ 'ಇಲ್ಲಿ ಗಡಿಗೆಯಿಲ್ಲ' ಎಂದು ಹೇಳಬಹುದು. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು ಹಾಗೆ ಹೇಳಲಾಗದು. ಇದ್ದಿದ್ದರೆ ಕಂಡೇ ಕಾಣಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಮೀಮಾಂಸಕರು ಇದನ್ನು ಯೋಗ್ಯಾನುಪಲಬ್ಧಿಯೆಂದು ಕರೆದರು. ಶುಷ್ಕತರ್ಕವೆಂದು ಕೆಲವರು ನಗುವ ಈ ನಿಯಮದ ಬೆಲೆಯನ್ನು ಯಾದಗಿರಿ ಸೀಮೆಯ ಕಲ್ಲುಗಳೇ ಎತ್ತಿ ತೋರಿಸುವುವು.

ಯಾದಗಿರಿ, ಶಹಾಪುರ, ಸುರಪುರಗಳ ಬೋಳುಗುಡ್ಡಗಳು ಬಹುಮಟ್ಟಿಗೆ ಗ್ರಾನೈಟ್ ಬಂಡೆಗಳು. ಅಂತಹ ಪ್ರಾಚೀನ ಶಿಲೆಯ ಮೇಲೆ, ಒಂದು ಕಾಲದ ಸಮುದ್ರದ ಕೆಸರು ಪದರಪದರವಾಗಿ ನೆಲೆಗೊಂಡು, ಸುಣ್ಣಗಲ್ಲೂ ಜೇಡಿಗಲ್ಲೂ ಆಯಿತು. ಇದೇ ಭೂವಿಜ್ಞಾನಿಗಳ ಭೀಮಾ ಶ್ರೇಣಿ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದದ ಫರಸಿಯೂ ಇದರ ಅಂಶವೇ. ಚಿಪ್ಪಾಗಲಿ ಎಲುಬಾಗಲಿ ದೊರೆಯದ ಈ ಪದರಗಳು ಬಹುಕಾಲ ನಿರ್ಜೀವವೆಂದೇ ಎಣಿಸಲ್ಪಟ್ಟವು. ಈ ತೊಡಕು ಇಲ್ಲಿಯದು ಮಾತ್ರವಲ್ಲ. ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗದ ಶಿಲೆಗಳಲ್ಲಿ ನಾನಾಜಾತಿಯ ಪ್ರಾಣಿಗಳು ಥಟ್ಟನೆ ತೋರಿಬರುವುವು. ಅದರ ಕೆಳಗಿನ ಶಿಲೆಗಳು ಮೌನವಾಗಿದ್ದವು. ಈ ಮೌನವು ತನ್ನ ವಾದಕ್ಕೆ ಬಲವಾದ ಆಕ್ಷೇಪವೆಂದು ಡಾರ್ವಿನ್ನನು 1859ರಲ್ಲಿ ತಾನೇ ಒಪ್ಪಿಕೊಂಡನು.

ಆದರೆ ಚಿಪ್ಪೂ ಎಲುಬೂ ಇಲ್ಲದ ಮೆದುದೇಹವು ಕೊಳೆತು ಕುರುಹಿಲ್ಲದೆ ಹೋಗುವುದೇ ಸಹಜ. ನುಣುಪಾದ ಕೆಸರು ಬೇಗನೆ ಮುಚ್ಚಿ, ಗಾಳಿ ತಾಕದಂತಾದರೆ, ಅಪೂರ್ವವಾಗಿ ಇಂಗಾಲದ ತೆಳುಲೇಪವೊಂದು ಉಳಿಯುವುದು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಅಂತಹ ಕರಿಯ ಬಿಲ್ಲೆಗಳಿಗೆ 1899ರಲ್ಲಿ ವಾಲ್ಕಾಟ್ ಎಂಬ ವಿದ್ವಾಂಸನು ಚುವಾರಿಯಾ ಎಂದು ಹೆಸರಿಟ್ಟನು. ಅವನು ಅವನ್ನು ಚಿಪ್ಪೆಂದು ಊಹಿಸಿದನು. ಪಾಚಿಯ ಬಂಧುಗಳೆಂಬುದು ಈಚಿನ ಅನೇಕರ ಮತ. ಕೆಲವೇ ಮಿಲಿಮೀಟರುಗಳ ಇಂತಹ ಬಿಲ್ಲೆಗಳು ಭೀಮಾ ಶ್ರೇಣಿಯಲ್ಲಿಯೂ ದೊರೆತುದನ್ನು 1983ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಿರ್ಜೀವವೆಂಬ ತೀರ್ಪನ್ನು ಕುಂಕುಮದ ಬೊಟ್ಟಿಗಿಂತ ಚಿಕ್ಕದೊಂದು ಕಲೆ ಅಳಿಸಿಹಾಕಿತು.

ಹಾಗಾದರೆ ಕಾಣದುದನ್ನೆಲ್ಲ ಇದೆಯೆಂದು ಸಾಧಿಸಬಹುದೆ? ಅದೂ ಸಲ್ಲದು. ಅಯೋಗ್ಯವಾದ ಅನುಪಲಬ್ಧಿಯು ಅಭಾವವನ್ನು ಹೇಗೆ ಸಾಧಿಸದೋ ಭಾವವನ್ನೂ ಹಾಗೆಯೇ ಸಾಧಿಸದು. ಆದುದರಿಂದಲೇ ಆ ಕರಿಯ ಕಲೆಯನ್ನು ಹುಡುಕಬೇಕಾಯಿತು. ಆ ವರೆಗೆ ತೀರ್ಪನ್ನು ತಡೆದಿರಿಸುವ ಸಂಯಮವೇ ಜ್ಞಾನದ ಶೀಲ.

ಈ ಶೀಲವು ಕಲ್ಲಿನ ವಿಷಯದಲ್ಲಿ ಸುಲಭ. ಮನುಷ್ಯರ ವಿಷಯದಲ್ಲಿ ಕಠಿನ. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಇದೇ ಸುಣ್ಣಗಲ್ಲನ್ನು ಒಡೆದು ಕೈಕೊಡಲಿಗಳನ್ನು ಮಾಡಿದರು. ಕೊಡಲಿ ಉಳಿಯಿತು, ಅಳುವ ಕೂಸನ್ನು ಸಂತೈಸಿದ ಕೈ ಉಳಿಯಲಿಲ್ಲ. ಅಷ್ಟರಿಂದ ಅವರಲ್ಲಿ ಕಾಠಿನ್ಯವೊಂದೇ ಇತ್ತೆನ್ನಬಹುದೆ? ಸುರಪುರದ ನಾಯಕರ ಹೆಸರುಗಳು ಕಾಗದಪತ್ರಗಳಲ್ಲಿವೆ. ಅವರ ಕೋಟೆಗೆ ಕಲ್ಲು ಹೊತ್ತವರ ಹೆಸರುಗಳಿಲ್ಲ. ಅಂಥವರ ಮಕ್ಕಳನ್ನು ಕುರಿತು, ಇವರಿಗೆ ಚರಿತ್ರೆಯಿಲ್ಲ, ಸಂಸ್ಕಾರವಿಲ್ಲ ಎಂಬ ಮಾತು ಓದುಬರಹ ಬಲ್ಲ ಮನೆಗಳಲ್ಲಿ ಎಷ್ಟು ಸಲೀಸಾಗಿ ಹೊರಡುವುದು! ಬರೆದಿಡುವ ಅವಕಾಶವನ್ನೇ ಕೊಡದೆ, ಬರೆಹವಿಲ್ಲವೆಂಬುದನ್ನೇ ಬಾಳಿಲ್ಲದುದಕ್ಕೆ ಪ್ರಮಾಣವಾಗಿಸುವುದು ತರ್ಕದೋಷ ಮಾತ್ರವಲ್ಲ, ಅಧರ್ಮ. ಗಡಿಗೆಯಿಲ್ಲವೆನ್ನುವವನು ದೀಪವನ್ನು ಒಳಕ್ಕೆ ಒಯ್ದಿರಬೇಕು.